ಉತ್ತರ ಗೊತ್ತಿಲ್ಲದವರ ಪ್ರಶ್ನೆ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಬಿ.ಎಸ್ಸಿ. ವಿದ್ಯಾರ್ಥಿಗಳು ಮತ್ತು ಸಂಶೋಧನಾ ಸಮ್ಮೇಳನ

ವೈವಾದಲ್ಲಿ ಪ್ರಶ್ನೆ ಕೇಳುವ ಪರೀಕ್ಷಕರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಪ್ರಯೋಗದಲ್ಲಿ ಬರಬೇಕಾದ ಅಂಕಿ ಯಾವುದೆಂದು ಹಿಂದಿನ ವರ್ಷದವರ ರೆಕಾರ್ಡ್ ನೋಡಿದರೆ ತಿಳಿಯುತ್ತದೆ. ಸಂಶೋಧನಾ ಸಮ್ಮೇಳನದಲ್ಲಿ ಮಾತ್ರ ಕೇಳುವವರಿಗೂ ಉತ್ತರ ಗೊತ್ತಿರುವುದಿಲ್ಲ. ಅದರ ಬೆಲೆ ಇರುವುದೇ ಅಲ್ಲಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಪದವಿ ವಿದ್ಯಾರ್ಥಿಗಳಿಗೆ ಈ ಅನುಭವ ತೀರಾ ಅಗತ್ಯ ಎಂಬುದು ಈ ಲೇಖನದ ವಾದ. ಉತ್ತರ ಸಿಗದ ಪ್ರಶ್ನೆಗಳು ಅವರ ಮನೆಯ ಹಿಂದಿನ ತೋಟದಲ್ಲೇ ಇವೆ.

ಈ ಮೂರು ತಾಲ್ಲೂಕುಗಳ ಅಡಿಕೆಯನ್ನು ಹಳದಿ ಎಲೆ ರೋಗ ದಶಕಗಳಿಂದ ಕಾಡುತ್ತಿದೆ. ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯನ್ನು ಗುರುತಿಸಿದ್ದರೂ ರೋಗ ಹಿಡಿದ ಮರವನ್ನು ಗುಣಪಡಿಸುವ ಮದ್ದಿಲ್ಲ. ಇತ್ತೀಚೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಕೊಳೆರೋಗಕ್ಕೆ ಮುಂಗಾರಿನ ಹೊತ್ತಿಗೆ ಇಂದಿಗೂ ಹೊಡೆಯುವ ಬೋರ್ಡೋ ದ್ರಾವಣದ ಹಿಂದೆ, ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ತೋಟದಲ್ಲಿ ನಿಂತು ನೋಡಿ ಮಾಡಿದ ಕೆಲಸ ಶತಮಾನ ಕಳೆದರೂ ಬಾಳುತ್ತದೆ.

ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ತಮ್ಮ ತೋಟದ ನಲವತ್ತು ಮರಗಳ ಸೋಗೆಯಲ್ಲಿ ಚುಕ್ಕಿ ಎಣಿಸಿ ಪೋಸ್ಟರ್ ಮಾಡಿ ಸಮ್ಮೇಳನದಲ್ಲಿ ನಿಂತಿದ್ದಾಳೆ. ಅಪರಿಚಿತ ಸಂಶೋಧಕರೊಬ್ಬರು ಬಂದು, "ಮದ್ದು ಹೊಡೆಯದ ಮರಗಳನ್ನೂ ಎಣಿಸಿದ್ದೀಯಾ? ಆ ವಾರ ಮಳೆ ಎಷ್ಟಿತ್ತು?" ಎನ್ನುತ್ತಾರೆ. ಅವಳು ಎಣಿಸಿಲ್ಲ. ಹೋಲಿಕೆಗೆ ಮದ್ದು ಹೊಡೆಯದ ಮರ ಏಕೆ ಬೇಕೆಂಬ ಪಾಠ ಆ ಒಂದು ನಿಮಿಷದಲ್ಲಿ ಮನಸ್ಸಿಗೆ ಇಳಿಯುವಂತೆ ಇಡೀ ಸೆಮಿಸ್ಟರ್ ಓದಿದರೂ ಇಳಿಯದು. ಮಳೆಯ ಪ್ರಶ್ನೆಗಂತೂ ಉತ್ತರ ಮನೆಯಲ್ಲೇ ಇರಬಹುದು. ಇಂಚು, ಸೆಂಟು ಎಂದು ದಿನದಿನದ ಮಳೆ ಬರೆದಿಟ್ಟ ಡೈರಿಗಳು ಮಲೆನಾಡಿನ ಎಷ್ಟೋ ಮನೆಗಳ ಕಪಾಟಿನಲ್ಲಿವೆ. ಅಜ್ಜನ ಡೈರಿಯೂ ದತ್ತಾಂಶವೆಂದು ಅವಳಿಗೆ ಹೊಳೆಯುವುದು ಆ ಪೋಸ್ಟರಿನ ಮುಂದೆ.

ಇದು ಬರೀ ಆಸೆಯ ಮಾತಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ನಡೆಸುವ 'ಲೇಕ್' ಸಮ್ಮೇಳನ 2014ರಲ್ಲಿ ಶಿರಸಿಗೆ, 2016ರಲ್ಲಿ ಮೂಡುಬಿದಿರೆಗೆ ಬಂದಿತ್ತು. ಕೆರೆ, ಹೊಳೆಗಳ ಬಗ್ಗೆ ಶಾಲಾ ಕಾಲೇಜು ಮಕ್ಕಳೂ ಅಲ್ಲಿ ಪ್ರಬಂಧ ಮಂಡಿಸುತ್ತಾರೆ. ಅಮೆರಿಕದಲ್ಲಿ ಪದವಿ ವಿದ್ಯಾರ್ಥಿಗಳಿಗೆಂದೇ ರಾಷ್ಟ್ರೀಯ ಸಮ್ಮೇಳನ 1987ರಿಂದ ನಡೆಯುತ್ತಿದೆ.

ಶುಲ್ಕ ಕಟ್ಟಿಸಿಕೊಂಡು ಪ್ರಮಾಣಪತ್ರ ಹಂಚುವ ಸಮ್ಮೇಳನಗಳೂ ಇವೆ. ಪ್ರಶ್ನೆಗೆ ಸಮಯವಿಡದ ಅಂಥ ಕಡೆಗೆ ವಿದ್ಯಾರ್ಥಿಗಳನ್ನು ಕಳಿಸುವುದು ಅನ್ಯಾಯ. ಎಲ್ಲ ವಿಷಯವೂ ಅವರಿಗೆ ಹೊಂದುವುದೂ ಇಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ 2024ರಲ್ಲಿ ಈ ಭಾಗದಲ್ಲೂ ಕಾಣಿಸಿತು. ಅದನ್ನು ಹರಡುವ ಉಣುಗು ಹಿಡಿಯುವ ಕೆಲಸಕ್ಕೆ ವಿದ್ಯಾರ್ಥಿಗಳು ಇಳಿಯಕೂಡದು.

ಭಾಷೆಯ ತೊಡಕು ಇವೆಲ್ಲಕ್ಕಿಂತ ದೊಡ್ಡದು. ಸೋಗೆ, ಹಾಳೆ, ಸಿಂಗಾರ ಎಂದು ತಡವರಿಸದೆ ಹೇಳುವವಳು ಇಂಗ್ಲಿಷ್ ಸಾರಾಂಶದ ಮುಂದೆ ಮೂಕಳಾಗುತ್ತಾಳೆ. ಆದ್ದರಿಂದ ದೂರದ ಸಮ್ಮೇಳನಕ್ಕೆ ಹೋಗುವ ಮೊದಲು, ಅಡಿಕೆ ಸುಲಿತ ಮುಗಿದ ಮೇಲೆ ಮೂರೂ ತಾಲ್ಲೂಕಿನ ಕಾಲೇಜುಗಳು ವರ್ಷಕ್ಕೊಮ್ಮೆ ಒಂದೆಡೆ ಕೂಡಲಿ. ಮಂಡನೆ ಕನ್ನಡದಲ್ಲಿರಲಿ. ಶೃಂಗೇರಿಯ ಅಡಿಕೆ ಸಂಶೋಧನಾ ಕೇಂದ್ರದ ವಿಜ್ಞಾನಿಗಳ ಪಕ್ಕದಲ್ಲೇ ಕೊನೆಗಾರರನ್ನೂ ಕೂರಿಸಬೇಕು. ಮರದ ತಲೆಯವರೆಗೆ ಹತ್ತಿ, ಚುಕ್ಕಿ ಮೊದಲು ಯಾವ ಸೋಗೆಗೆ ಬಂತೆಂದು ಕೈಯಳತೆಯಲ್ಲಿ ನೋಡಿದವರು ಅವರು.