ನಾಗಪುರ ಯೋಜನೆಯಿಂದ ಹಿಂಗಣಾದ ಹೆದ್ದಾರಿಯವರೆಗೆ

ಕನ್ನಡ ನಾಡಿಗೂ ನಾಗಪುರಕ್ಕೂ ಇರುವ ಸಂಬಂಧವು ಇಂದು ನಿನ್ನೆಯದಲ್ಲ. ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತಿರುವ ರಾಷ್ಟ್ರಕೂಟ ಮೂರನೆಯ ಕೃಷ್ಣನ ತಾಮ್ರಪಟವು ಶಕ 862ಕ್ಕೆ, ಎಂದರೆ ಕ್ರಿ.ಶ. 940ಕ್ಕೆ ಸೇರಿದುದು. ನಾಗಪುರ-ನಂದಿವರ್ಧನವೆಂಬ ವಿಷಯದಲ್ಲಿದ್ದ ಗ್ರಾಮವೊಂದನ್ನು ದಾನವಿತ್ತ ಸಂಗತಿಯು ಅದರಲ್ಲಿದೆ. ನಾಗಪುರದ ಹೆಸರು ಕಾಣಿಸಿಕೊಳ್ಳುವ ಅತ್ಯಂತ ಹಳೆಯ ಉಲ್ಲೇಖವೆಂದು ಇದನ್ನೇ ಎಣಿಸುತ್ತಾರೆ. ಮಾನ್ಯಖೇಟದಲ್ಲಿ ಕುಳಿತ ಅರಸನ ಆಜ್ಞೆಯು ಅಷ್ಟು ದೂರ ಸಲ್ಲುತ್ತಿದ್ದಿತೆಂದ ಮೇಲೆ ಆಜ್ಞೆಯನ್ನು ಒಯ್ಯುವ ದಾರಿಯೊಂದಿದ್ದಿರಲೇಬೇಕು. ಇಂದು ಬೆಂಗಳೂರಿನಿಂದ ಕರ್ನೂಲು, ಹೈದರಾಬಾದುಗಳನ್ನು ಹಾದು ನಾಗಪುರವನ್ನು ಮುಟ್ಟುವ 44ನೆಯ ರಾಷ್ಟ್ರೀಯ ಹೆದ್ದಾರಿಯು ಆ ದಾರಿಯ ವಾರಸುದಾರ ಎಂದರೆ ಇತಿಹಾಸಕಾರರು ಆಕ್ಷೇಪಿಸಬಹುದು; ಆದರೆ ಆ ಎರಡು ನೆಲಗಳನ್ನು ಕೂಡಿಸುವ ಕಾರ್ಯವನ್ನು ಅದು ಮಾಡುತ್ತಿರುವುದಂತೂ ನಿಜ. ಶಾಸನವೆಂಬ ಮಾತಿಗೆ ನಮ್ಮ ಭಾಷೆಯಲ್ಲಿ ಕಲ್ಲು ತಾಮ್ರಗಳ ಬರಹವೆಂಬ ಅರ್ಥವಿರುವಂತೆಯೇ ಕಾನೂನೆಂಬ ಅರ್ಥವೂ ಉಂಟಷ್ಟೆ. ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿರುವುದು ಎರಡನೆಯ ಬಗೆಯ ಶಾಸನ: ರಸ್ತೆಯ ಮೇಲೆ ಓಡುವ ಮೋಟಾರು ವಾಹನವನ್ನು ಕುರಿತದ್ದು.

ಭಾರತದ ರಸ್ತೆಗಳ ಇತಿಹಾಸದಲ್ಲಿ ನಾಗಪುರಕ್ಕೆ ಪ್ರತ್ಯೇಕವಾದ ಸ್ಥಾನವಿದೆ. ಎರಡನೆಯ ಮಹಾಯುದ್ಧವು ಇನ್ನೂ ನಡೆಯುತ್ತಿದ್ದಾಗ, 1943ರ ಡಿಸೆಂಬರಿನಲ್ಲಿ, ಪ್ರಾಂತಗಳ ಹಾಗೂ ದೇಶೀಯ ಸಂಸ್ಥಾನಗಳ ಮುಖ್ಯ ಎಂಜಿನಿಯರುಗಳು ಅಲ್ಲಿ ಸಭೆ ಸೇರಿದರು. ರಾಷ್ಟ್ರೀಯ ಹೆದ್ದಾರಿ, ಪ್ರಾಂತೀಯ ಹೆದ್ದಾರಿ, ಜಿಲ್ಲಾ ರಸ್ತೆ, ಗ್ರಾಮ ರಸ್ತೆ ಎಂಬ ವಿಂಗಡಣೆಯು ನೆಲೆಗೊಂಡದ್ದು ಆ ಸಭೆಯಲ್ಲಿಯೇ. ಇಪ್ಪತ್ತು ವರ್ಷಗಳಲ್ಲಿ ಸುಮಾರು 5.3 ಲಕ್ಷ ಕಿಲೋಮೀಟರು ರಸ್ತೆಯಾಗಬೇಕು, ಬೇಸಾಯ ಬೆಳೆದ ಪ್ರದೇಶದ ಯಾವ ಹಳ್ಳಿಯೂ ಮುಖ್ಯ ರಸ್ತೆಯಿಂದ ಐದು ಮೈಲಿಗಿಂತ ದೂರವಿರಬಾರದು ಎಂದು ಅವರು ಗೊತ್ತುಮಾಡಿದರು. ‘ನಾಗಪುರ ಯೋಜನೆ’ ಎಂದು ಇದು ಪ್ರಸಿದ್ಧವಾಗಿದೆ. ಮಹತ್ತ್ವದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯೋಜನೆಯ ತಿರುಳಾಗಿದ್ದುದು ರಸ್ತೆಯ ಉದ್ದ. ಅದರ ಮೇಲೆ ಓಡುವ ಬಂಡಿಯು ಹೇಗಿರಬೇಕು, ಅದರೊಳಗೆ ಕುಳಿತವನ ಹಾಗೂ ಅದರ ಎದುರು ಸಿಕ್ಕವನ ಗತಿಯೇನು ಎಂಬ ವಿಚಾರವು ಬೇರೊಂದು ಕಡತದಲ್ಲಿದ್ದಿತು.

ಆ ಕಡತವು ತೆರೆದುದು 1914ರಲ್ಲಿ. ಆ ವರ್ಷದ ಭಾರತೀಯ ಮೋಟಾರು ವಾಹನಗಳ ಕಾಯಿದೆಯು ವಾಹನದ ನೋಂದಣಿ, ಚಾಲಕನ ಪರವಾನಗಿ, ಹದಿನೆಂಟು ವರ್ಷದ ವಯೋಮಿತಿ ಇವಿಷ್ಟನ್ನು ವಿಧಿಸಿ ಉಳಿದುದನ್ನು ಪ್ರಾಂತ ಸರ್ಕಾರಗಳ ನಿಯಮಗಳಿಗೆ ಬಿಟ್ಟಿತು. ಇಪ್ಪತ್ತೈದು ವರ್ಷಗಳ ತರುವಾಯ ಬಂದ 1939ರ ಕಾಯಿದೆಯು ಇದಕ್ಕಿಂತ ಬಹಳ ವಿಸ್ತಾರವಾದುದು. ಆದರೂ ಅದರ ಹುಟ್ಟಿನ ಹಿಂದಿದ್ದ ಒಂದು ಪ್ರಬಲ ಕಾರಣವು ಪ್ರಯಾಣಿಕನ ಜೀವವಲ್ಲ, ರೈಲಿನ ವರಮಾನ. ಮೂವತ್ತರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಬಸ್ಸು ಲಾರಿಗಳು ರೈಲಿನ ಗಿರಾಕಿಗಳನ್ನು ಸೆಳೆದುಕೊಳ್ಳುತ್ತಿವೆಯೆಂಬ ದೂರು ಎದ್ದು, ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬ ಅಧಿಕಾರಿಗಳ 1933ರ ವರದಿಯು ಬಾಡಿಗೆ ವಾಹನಗಳ ನಿಯಂತ್ರಣಕ್ಕೆ ದಾರಿ ಮಾಡಿಕೊಟ್ಟಿತು. ಪರ್ಮಿಟ್ಟಿನ ಪದ್ಧತಿಯು ಬೇರೂರಿದುದು ಹೀಗೆ. ಯಾವ ಮಾರ್ಗದಲ್ಲಿ ಎಷ್ಟು ಬಸ್ಸು ಎಂಬ ಪ್ರಶ್ನೆಗೆ ಕಾನೂನು ಕೊಟ್ಟ ಗಮನದಲ್ಲಿ ಕಾಲು ಪಾಲನ್ನೂ ಆ ಬಸ್ಸಿನ ಬಾಗಿಲು ಯಾವ ಕಡೆ ತೆರೆಯಬೇಕೆಂಬುದಕ್ಕೆ ಕೊಡಲಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಮೈಸೂರಿನಲ್ಲಿ 1948ರಲ್ಲಿ ಸರ್ಕಾರಿ ರಸ್ತೆ ಸಾರಿಗೆ ಇಲಾಖೆಯು ಸ್ಥಾಪಿತವಾಗಿ 1961ರಲ್ಲಿ ಅದು ನಿಗಮವಾದಾಗಲೂ ಚರ್ಚೆಯೆಲ್ಲ ಮಾರ್ಗಗಳ ರಾಷ್ಟ್ರೀಕರಣವನ್ನು ಕುರಿತೇ ನಡೆಯಿತು.

1939ರ ಕಾಯಿದೆಯ ಎಂಟನೆಯ ಅಧ್ಯಾಯವನ್ನು ಮಾತ್ರ ಇಲ್ಲಿ ಬೇರೆಯಾಗಿ ಎತ್ತಿ ಹೇಳಬೇಕು. ಮೂರನೆಯವರ ಹಾನಿಗಾಗಿ ವಾಹನದ ಒಡೆಯನು ವಿಮೆ ಮಾಡಿಸಲೇಬೇಕೆಂಬ ವಿಧಿಯು ಅದರಲ್ಲಿದ್ದಿತು. ಕಾಯಿದೆಯೊಡನೆ ಅದು ಜಾರಿಗೆ ಬರಲಿಲ್ಲ. 1946ರ ಜುಲೈ 1ರವರೆಗೆ ತಡೆಯಿತು. 1956ರ ತಿದ್ದುಪಡಿಯಿಂದ ಪರಿಹಾರ ನ್ಯಾಯಮಂಡಳಿಗಳಿಗೆ ಅವಕಾಶವಾಯಿತು. 1982ರಲ್ಲಿ, ತಪ್ಪು ಯಾರದೆಂದು ತೀರ್ಮಾನವಾಗುವ ಮೊದಲೇ ಒಂದಿಷ್ಟು ಹಣವನ್ನು ಕೊಡಬೇಕೆಂಬ ತತ್ತ್ವವು ಸೇರಿತು. ಇವೆಲ್ಲ ನೊಂದ ಕುಟುಂಬಗಳಿಗೆ ಒದಗಿದ ಆಸರೆಯೇ ಸರಿ. ಆದರೆ ಲೆಕ್ಕವನ್ನು ಬಲ್ಲವರಿಗೆ ಒಂದು ಅಂಶವು ಕಾಣದಿರದು. ವಿಮೆಯು ನಷ್ಟವನ್ನು ಹಲವರಿಗೆ ಹಂಚುತ್ತದೆಯೇ ಹೊರತು ನಷ್ಟವನ್ನು ಕಡಮೆ ಮಾಡುವುದಿಲ್ಲ. ಮುರಿದ ಬ್ರೇಕಿನ ಲಾರಿಗೂ ಒಳ್ಳೆಯ ಬ್ರೇಕಿನ ಲಾರಿಗೂ ಒಂದೇ ಕಂತಾದರೆ, ಬ್ರೇಕನ್ನು ಸರಿಪಡಿಸುವ ಪ್ರೇರಣೆಯು ವಿಮೆಯ ಕಡೆಯಿಂದ ಹುಟ್ಟುವುದೆಂತು?

ವಾಹನವೇ ಚಾಲಕನ ತಪ್ಪನ್ನು ತಾಳಿಕೊಳ್ಳುವಂತಿರಬೇಕು ಎಂಬ ಭಾವನೆಯು ಹೊರದೇಶಗಳಲ್ಲಿಯೂ ತಡವಾಗಿಯೇ ಮೂಡಿತು. ಸ್ವೀಡನ್ನಿನ ವೋಲ್ವೋ ಕಾರ್ಖಾನೆಯ ಎಂಜಿನಿಯರ್ ನಿಲ್ಸ್ ಬೋಲಿನ್ ಮೂರು ಕಡೆ ಬಿಗಿಯುವ ಪಟ್ಟಿಯನ್ನು ರೂಪಿಸಿದ್ದು, ಕಾರ್ಖಾನೆಯು ಅದರ ಹಕ್ಕನ್ನು ತನಗೆ ಮಾತ್ರ ಇಟ್ಟುಕೊಳ್ಳದೆ ಎಲ್ಲ ತಯಾರಕರಿಗೂ ತೆರೆದುಕೊಟ್ಟದ್ದು 1959ರ ವೇಳೆಗೆ. ಅಮೆರಿಕದಲ್ಲಿ ರಾಲ್ಫ್ ನೇಡರನ ಪುಸ್ತಕವು 1965ರಲ್ಲಿ ಕೋಲಾಹಲವೆಬ್ಬಿಸಿ, ಮರುವರ್ಷವೇ ವಾಹನ ಸುರಕ್ಷತೆಯ ಕಾಯಿದೆಯು ಹೊರಬಂದಿತು. ಅಲ್ಲಿಯವರೆಗೆ ಅಪಘಾತವೆಂದರೆ ಚಾಲಕನ ಅಜಾಗರೂಕತೆ ಎಂಬಲ್ಲಿಗೆ ವಿಚಾರವು ಮುಗಿಯುತ್ತಿದ್ದಿತು. ತಪ್ಪಿತಸ್ಥನನ್ನು ಹುಡುಕುವುದು ಸುಲಭ. ಅವನು ತಪ್ಪಿದರೂ ಸಾವಾಗದಂತೆ ಬಂಡಿಯನ್ನು ಕಟ್ಟುವುದು ಕಷ್ಟ.

ಭಾರತಕ್ಕೆ ಈ ಭಾವನೆಯು ತುಣುಕು ತುಣುಕಾಗಿ ಬಂದಿತು. 1988ರ ಕಾಯಿದೆ ಹಾಗೂ 1989ರ ಕೇಂದ್ರ ನಿಯಮಗಳು ಹೊಸ ಚೌಕಟ್ಟನ್ನು ಹಾಕಿದುವು. ಕಾರಿನ ಮುಂದಿನ ಆಸನಗಳಿಗೆ ಪಟ್ಟಿಯನ್ನು ಜೋಡಿಸಬೇಕೆಂದು ತಯಾರಕರಿಗೆ ವಿಧಿಯಾದದ್ದು 1994ರಲ್ಲಿ, ಎಂದರೆ ಬೋಲಿನ್ನನ ಪಟ್ಟಿಗೆ ಮೂವತ್ತೈದು ವರ್ಷ ತುಂಬಿದ ಮೇಲೆ. ಚಕ್ರವು ಬಿಗಿದು ನಿಂತು ಜಾರದಂತೆ ತಡೆಯುವ ಎ.ಬಿ.ಎಸ್. ಎಂಬ ಬ್ರೇಕಿನ ಏರ್ಪಾಡು 125 ಸಿ.ಸಿ.ಗೆ ಮೇಲ್ಪಟ್ಟ ದ್ವಿಚಕ್ರ ವಾಹನಗಳಿಗೆ ಹೊಸ ಮಾದರಿಗಳಲ್ಲಿ 2018ರ ಏಪ್ರಿಲಿನಿಂದಲೂ ಎಲ್ಲ ಮಾದರಿಗಳಲ್ಲಿ 2019ರ ಏಪ್ರಿಲಿನಿಂದಲೂ ಕಡ್ಡಾಯವಾಯಿತು. ಅದಕ್ಕಿಂತ ಚಿಕ್ಕವಕ್ಕೆ ಎರಡೂ ಬ್ರೇಕುಗಳನ್ನು ಕೂಡಿಸುವ ಅಗ್ಗದ ಏರ್ಪಾಡು ಸಾಕೆಂದಾಯಿತು. ಚಾಲಕನಿಗೆ ಗಾಳಿಚೀಲ, ವೇಗದ ಎಚ್ಚರಿಕೆ, ಪಟ್ಟಿಯ ನೆನಪು ಇವು ಕಾರುಗಳಿಗೆ 2019ರ ಜುಲೈಯಿಂದ ಬಂದುವು. ಅದೇ ವರ್ಷದ ತಿದ್ದುಪಡಿಯು ದೋಷವಿರುವ ವಾಹನಗಳನ್ನು ತಯಾರಕನು ಹಿಂದಕ್ಕೆ ಕರೆಸಿಕೊಳ್ಳಬೇಕೆಂದು ಆಜ್ಞಾಪಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಆರು ಗಾಳಿಚೀಲಗಳನ್ನು ಕಡ್ಡಾಯ ಮಾಡುವ ಪ್ರಸ್ತಾಪವು 2022ರಲ್ಲಿ ಹೊರಟು, ಮುಂದಕ್ಕೆ ಹೋಗಿ, 2023ರಲ್ಲಿ ಕೈಬಿಡಲ್ಪಟ್ಟಿತು. ಅದರ ಬದಲಿಗೆ ಕಾರುಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿ ನಕ್ಷತ್ರಗಳನ್ನು ಕೊಡುವ ‘ಭಾರತ್ ಎನ್‌ಕ್ಯಾಪ್’ 2023ರ ಅಕ್ಟೋಬರ್ 1ರಿಂದ ನಡೆಯತೊಡಗಿತು. ಕೊಳ್ಳುವವನು ನಕ್ಷತ್ರಗಳನ್ನು ನೋಡಿ ಕೊಳ್ಳಲಿ ಎಂಬುದು ಇದರ ಆಶಯ. ಒಳ್ಳೆಯ ಆಶಯವೇ, ಆದರೆ ಬಸ್ಸಿನ ಟಿಕೆಟನ್ನು ಕೊಳ್ಳುವವನಿಗೆ ತೋರಿಸಲು ಅಂತಹ ನಕ್ಷತ್ರಗಳಿಲ್ಲ.

ಈಗ ಹಿಂಗಣಾಕ್ಕೆ ಬರಬಹುದು. ನಾಗಪುರದ ನೈಋತ್ಯಕ್ಕೆ, ನಗರದ ಅಂಚಿಗೆ ಅಂಟಿಕೊಂಡಂತಿರುವ ಈ ತಾಲ್ಲೂಕು ಮಹಾರಾಷ್ಟ್ರದ ಹಳೆಯ ಕೈಗಾರಿಕಾ ವಸಾಹತುಗಳಲ್ಲಿ ಒಂದಕ್ಕೆ ನೆಲೆ. ಮಹೀಂದ್ರಾ ಕಂಪನಿಯ ಟ್ರ್ಯಾಕ್ಟರು ಕಾರ್ಖಾನೆ ಇರುವುದು ಇಲ್ಲಿಯೇ. ಸೀತಾಬರ್ಡಿಯಿಂದ ಹಿಂಗಣಾ ರಸ್ತೆಯ ಲೋಕಮಾನ್ಯನಗರದವರೆಗೆ 2020ರ ಜನವರಿಯಿಂದ ಮೆಟ್ರೋ ರೈಲು ಓಡುತ್ತಿದೆ. ಅದರ ಕಂಬಗಳ ಕೆಳಗೆ ಲಾರಿ, ನಗರ ಬಸ್ಸು, ಆಟೋ, ಪಾಳಿ ಮುಗಿಸಿದ ಕಾರ್ಮಿಕರ ಬೈಕು ಸೈಕಲ್ಲುಗಳು ಒಂದರ ಬದಿಗೊಂದು ಸಾಗುತ್ತವೆ. ವಾಹನದ ಯಂತ್ರವಿದ್ಯೆಯೂ ರಸ್ತೆಯ ನಿಯಮವೂ ಒಂದನ್ನೊಂದು ಎದುರಿಸುವ ಎರಡು ಪ್ರಯೋಗಗಳು ಈ ಭಾಗದಲ್ಲಿ ನಡೆದಿವೆ.

ಮೊದಲನೆಯದು ‘ಐ-ರಸ್ತೆ’. ಕೇಂದ್ರ ರಸ್ತೆ ಸಂಶೋಧನಾ ಸಂಸ್ಥೆ, ಹೈದರಾಬಾದಿನ ಐ.ಐ.ಐ.ಟಿ., ಇಂಟೆಲ್, ಮಹೀಂದ್ರಾ, ನಾಗಪುರ ಮಹಾನಗರಪಾಲಿಕೆ ಇವು ಕೂಡಿ 2021ರ ಸೆಪ್ಟೆಂಬರಿನಲ್ಲಿ ಇದನ್ನು ಆರಂಭಿಸಿದುವು. ಪಾಲಿಕೆಯ ಬಸ್ಸುಗಳ ಮುಂಗಾಜಿನ ಹಿಂದೆ ಒಂದು ಕ್ಯಾಮರಾವನ್ನು ಕೂರಿಸಲಾಯಿತು. ಮುಂದಿನ ವಾಹನವು ತೀರ ಹತ್ತಿರವಾದರೆ, ಪಾದಚಾರಿಯು ಅಡ್ಡ ಬಂದರೆ, ಬಸ್ಸು ತನ್ನ ಪಥವನ್ನು ಬಿಟ್ಟು ಸರಿದರೆ ಆ ಯಂತ್ರವು ಚಾಲಕನನ್ನು ಕೂಗಿ ಎಚ್ಚರಿಸುತ್ತದೆ. ಎಚ್ಚರಿಕೆಗೂ ಡಿಕ್ಕಿಗೂ ನಡುವೆ ದೊರೆಯುವ ಅವಕಾಶವು ಎರಡು ಮೂರು ಸೆಕೆಂಡು. ಬ್ರೇಕನ್ನು ಒತ್ತುವ ಕೆಲಸವು ಚಾಲಕನದೇ.

ಈ ಪ್ರಯೋಗದ ನಿಜವಾದ ಬೆಲೆಯು ಎಚ್ಚರಿಕೆಯ ಕೂಗಿಗಿಂತ ಅದು ಬಿಟ್ಟುಹೋಗುವ ದಾಖಲೆಯಲ್ಲಿದೆ. ಸರ್ಕಾರದ ವ್ಯಾಖ್ಯೆಯಂತೆ ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರು ಉದ್ದದ ತುಂಡಿನಲ್ಲಿ ಮೂರು ವರ್ಷಗಳೊಳಗೆ ಸಾವು ಅಥವಾ ತೀವ್ರ ಗಾಯವಾದ ಐದು ಅಪಘಾತಗಳು ನಡೆದಿರಬೇಕು, ಇಲ್ಲವೆ ಹತ್ತು ಜನ ಸತ್ತಿರಬೇಕು. ಆಗ ಮಾತ್ರ ಅದು ‘ಕಪ್ಪು ಚುಕ್ಕೆ’ ಎನಿಸುತ್ತದೆ. ರಸ್ತೆಯ ದೋಷಕ್ಕೆ ಸಾಕ್ಷಿ ಹೇಳಲು ಮೊದಲು ಜನರು ಸಾಯಬೇಕೆಂದಂತಾಯಿತು. ದಿನವೂ ಓಡುವ ಬಸ್ಸುಗಳು ಎಲ್ಲೆಲ್ಲಿ ಮತ್ತೆ ಮತ್ತೆ ಎಚ್ಚರಿಕೆಯನ್ನು ಪಡೆಯುತ್ತವೆಯೆಂದು ಗುರುತಿಸಿದರೆ, ಇನ್ನೂ ಯಾರೂ ಸಾಯದಿರುವ ಆದರೆ ಸಾಯುವ ಸಂಭವವಿರುವ ಸ್ಥಳಗಳು ನಕ್ಷೆಯಲ್ಲಿ ಮೂಡುತ್ತವೆ. ‘ಬೂದು ಚುಕ್ಕೆ’ ಎಂದು ಅವನ್ನು ಕರೆದಿದ್ದಾರೆ. ಯಂತ್ರಕ್ಕೆ ನಮ್ಮ ರಸ್ತೆಗಳ ಪರಿಚಯವನ್ನು ಮಾಡಿಸುವುದೂ ಸುಲಭವಲ್ಲ. ಐರೋಪ್ಯ ನಗರದ ಚಿತ್ರಗಳಿಂದ ಕಲಿತ ಯಂತ್ರವು ಆಟೋರಿಕ್ಷಾವನ್ನೂ ನಡುರಸ್ತೆಯ ದನವನ್ನೂ ಅರಿಯದು. ಹೈದರಾಬಾದಿನ ಸಂಶೋಧಕರು ಭಾರತದ ರಸ್ತೆಗಳ 10,000 ಚಿತ್ರಗಳ ಕೋಶವೊಂದನ್ನು ಸಿದ್ಧಪಡಿಸಿ 2018ರಲ್ಲಿ ಹೊರತಂದರು. ಅದರ ಚಿತ್ರಗಳನ್ನು ತೆಗೆದದ್ದು ಹೈದರಾಬಾದು ಮತ್ತು ಬೆಂಗಳೂರುಗಳಲ್ಲಿ, ಅವುಗಳ ಹೊರವಲಯಗಳಲ್ಲಿ ಕಾರನ್ನು ಓಡಿಸಿ. ಬೆಂಗಳೂರಿನ ಗಜಿಬಿಜಿಯು ಹೀಗೆ ಒಂದು ಪಾಠಪುಸ್ತಕವಾಯಿತು.

ಎರಡನೆಯದು ಇನ್ನೂ ದೊಡ್ಡದು. ನಾಗಪುರದಿಂದ ಮುಂಬಯಿಯ ಕಡೆಗೆ 701 ಕಿಲೋಮೀಟರು ಸಾಗುವ ಸಮೃದ್ಧಿ ಮಹಾಮಾರ್ಗವು ಹೊರಡುವುದು ಹಿಂಗಣಾ ತಾಲ್ಲೂಕಿನ ಶಿವಮಡಕಾ ಎಂಬ ಹಳ್ಳಿಯ ಬಳಿ. ಶಿರ್ಡಿಯವರೆಗಿನ 520 ಕಿಲೋಮೀಟರು 2022ರ ಡಿಸೆಂಬರ್ 11ರಂದು ಸಂಚಾರಕ್ಕೆ ತೆರೆಯಿತು. ಕೊನೆಯ ತುಂಡು 2025ರ ಜೂನ್ 5ರಂದು. ಕಾರುಗಳಿಗೆ ಗಂಟೆಗೆ 120 ಕಿಲೋಮೀಟರು ವೇಗವನ್ನು ಅನುಮತಿಸಿರುವ ಈ ಮಾರ್ಗದಲ್ಲಿ ದ್ವಿಚಕ್ರ ತ್ರಿಚಕ್ರಗಳಿಗೆ ಪ್ರವೇಶವಿಲ್ಲ. ಎದುರು ಬರುವ ವಾಹನವಿಲ್ಲ, ಅಡ್ಡರಸ್ತೆಯಿಲ್ಲ, ತಿರುವು ಅಪರೂಪ. ಎಂಜಿನಿಯರುಗಳು ಅಪಘಾತದ ಕಾರಣಗಳನ್ನೆಲ್ಲ ಒಂದೊಂದಾಗಿ ತೆಗೆದುಹಾಕಿದಂತಿದ್ದ ಈ ದಾರಿಯಲ್ಲಿಯೂ ಅಪಘಾತಗಳು ಮೊದಲ ತಿಂಗಳುಗಳಿಂದಲೇ ಕಾಣಿಸಿಕೊಂಡುವು. ಬೇಸಗೆಯ ಕಾವಿಗೆ ಕಾದ ಕಾಂಕ್ರೀಟಿನ ಮೇಲೆ ಸವೆದ ಟೈರು ಒಂದೇ ವೇಗದಲ್ಲಿ ಗಂಟೆಗಟ್ಟಲೆ ಉರುಳಿದರೆ ಸಿಡಿಯುತ್ತದೆ. ಬದಲಾಗದ ನೋಟವನ್ನು ನೋಡುತ್ತ ನೋಡುತ್ತ ಚಾಲಕನಿಗೆ ಕಣ್ಣು ತೆರೆದಿದ್ದರೂ ಮಂಪರು ಕವಿಯುತ್ತದೆ. ಆಗ ಸಾರಿಗೆ ಅಧಿಕಾರಿಗಳು ಮಾರ್ಗದ ಬಾಯಿಯಲ್ಲಿ ನಿಂತು ಟೈರುಗಳನ್ನು ಪರೀಕ್ಷಿಸತೊಡಗಿದರು. ವೇಗ ಮೀರಿದವರನ್ನು ಕೂರಿಸಿ ಬುದ್ಧಿ ಹೇಳುವ ಕೇಂದ್ರಗಳೂ 2023ರಲ್ಲಿ ಆದುವು. ಅಷ್ಟು ಆಧುನಿಕ ಮಾರ್ಗದ ಕಾವಲಿಗೆ ಕೊನೆಗೆ ಬೇಕಾದದ್ದು ಬಗ್ಗಿ ಟೈರಿನ ಗೀರುಗಳನ್ನು ನೋಡುವ ಒಬ್ಬ ಮನುಷ್ಯ.

2023ರ ಜುಲೈ 1ರ ನಡುರಾತ್ರಿ ಕಳೆದ ಮೇಲೆ, ನಾಗಪುರದಿಂದ ಪುಣೆಗೆ ಹೊರಟ ಮಲಗುವ ಆಸನಗಳ ಬಸ್ಸೊಂದು ಇದೇ ಮಾರ್ಗದಲ್ಲಿ ಸಿಂದಖೇಡ್ ರಾಜಾದ ಬಳಿ ವಿಭಜಕಕ್ಕೆ ಬಡಿದು ಉರುಳಿ ಉರಿಯಿತು. ಇಪ್ಪತ್ತೈದು ಜನರು ಸತ್ತರು. ಬಾಗಿಲಿದ್ದ ಮಗ್ಗುಲೇ ನೆಲಕ್ಕೆ ಬಿದ್ದುದರಿಂದ ಹೊರಬರುವ ದಾರಿಯು ಮುಚ್ಚಿಹೋಗಿದ್ದಿತು. ಬದುಕಿದ ಕೆಲವರು ಕಿಟಕಿಯ ಗಾಜನ್ನು ಒಡೆದು ಹೊರಬಂದವರು. ಕನ್ನಡಿಗರಿಗೆ ಈ ಸುದ್ದಿಯು ಹಳೆಯ ಗಾಯವನ್ನು ಕೆದಕುವಂತಹುದು. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ಬಸ್ಸು ಮಹಬೂಬನಗರ ಜಿಲ್ಲೆಯ ಪಾಲೆಂ ಬಳಿ ಮೋರಿಗೆ ತಾಗಿ ಹೊತ್ತಿಕೊಂಡು 45 ಜನರು ಸುಟ್ಟುಹೋದರು. ಎರಡೇ ವಾರದಲ್ಲಿ ಹಾವೇರಿಯ ಬಳಿ, ಬೆಂಗಳೂರಿನಿಂದ ಮುಂಬಯಿಗೆ ಹೊರಟ ಬಸ್ಸಿಗೆ ಅದೇ ಗತಿಯಾಯಿತು. 2025ರ ಅಕ್ಟೋಬರ್ 24ರಂದು, ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲಿನ ಬಳಿ ಬೈಕೊಂದನ್ನು ಎಳೆದುಕೊಂಡು ಹೋಗಿ ಉರಿಯಿತು. ಮೊದಲಿನದೂ ಕೊನೆಯದೂ ನಡೆದದ್ದು ಬೆಂಗಳೂರು ನಾಗಪುರಗಳನ್ನು ಕೂಡಿಸುವ ಆ 44ನೆಯ ಹೆದ್ದಾರಿಯಲ್ಲಿಯೇ.

ನಿಯಮಗಳಿಲ್ಲವೆಂದಲ್ಲ. ಬಸ್ಸಿನ ಒಡಲನ್ನು ಕಟ್ಟುವ ಕ್ರಮಕ್ಕೂ ಮಲಗುವ ಬಸ್ಸಿಗೂ ಪ್ರತ್ಯೇಕ ಮಾನಕಗಳಿವೆ. ಎಂಜಿನ್ನಿನ ಭಾಗಕ್ಕಿದ್ದ ಬೆಂಕಿ ಆರಿಸುವ ಏರ್ಪಾಡನ್ನು ಪ್ರಯಾಣಿಕರು ಕೂರುವ ಭಾಗಕ್ಕೂ ವಿಸ್ತರಿಸಿ 2022ರ ಜನವರಿಯಲ್ಲಿ ಅಧಿಸೂಚನೆಯಾಗಿದೆ. ಆದರೆ ಇಂತಹ ನಿಯಮಗಳು ಹಿಡಿಯುವುದು ಮುಂದೆ ತಯಾರಾಗುವ ಬಸ್ಸನ್ನು. ಓಡುತ್ತಿರುವ ಬಸ್ಸು ಓಡುತ್ತಲೇ ಇರುತ್ತದೆ. ಮೋಟಾರು ಕಂಪನಿಯಿಂದ ಬರಿಯ ಚೌಕಟ್ಟನ್ನು ಕೊಂಡು ಒಡಲನ್ನು ಬೇರೆ ಕಡೆ ಕಟ್ಟಿಸುವ ಪದ್ಧತಿಯು ನಮ್ಮಲ್ಲಿ ಹಳೆಯದು. ಆಮೇಲೆ ಒಂದು ಸಾಲು ಮಂಚಗಳನ್ನು ಹೆಚ್ಚಿಸಿದರೆ ಪ್ರತಿ ಪ್ರಯಾಣಕ್ಕೂ ಆದಾಯವು ಏರುತ್ತದೆ, ತುರ್ತು ಬಾಗಿಲು ಮಂಚದ ಹಿಂದೆ ಮರೆಯಾಗುತ್ತದೆ.

2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು. ಹೆಚ್ಚುಕಡಮೆ ಐದರಲ್ಲೊಂದು ಪಾಲು ಕಾಲುನಡೆಯವರು. ಗಾಳಿಚೀಲದ ಇತಿಹಾಸವು ಇವರ ಇತಿಹಾಸವಲ್ಲ. ಇವರಿಗೆ ಸಂಬಂಧಿಸಿದ್ದು ಶಿರಸ್ತ್ರಾಣ, ಚಿಕ್ಕ ಬೈಕಿನ ಬ್ರೇಕು, ಲಾರಿಯ ಬದಿಯಲ್ಲಿಯೂ ಹಿಂದೆಯೂ ಇರಬೇಕಾದ ಅಡ್ಡತಡೆ, ಬೆಳಕಿಲ್ಲದ ಟ್ರೇಲರಿನ ಹಿಂಬದಿಗೆ ಅಂಟಿಸಬೇಕಾದ ಹೊಳೆಯುವ ಪಟ್ಟಿ ಇಂತಹ ಅಗ್ಗದ ವಸ್ತುಗಳು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಸಾವುಗಳು ಹೆಚ್ಚಿದಾಗ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಅದರ ಮುಖ್ಯ ಪಥದಿಂದ ದೂರವಿಟ್ಟು, ವೇಗವನ್ನು ಹಿಡಿಯುವ ಕ್ಯಾಮರಾಗಳನ್ನು ನಿಲ್ಲಿಸಿದರು. ಮಾರ್ಗಕ್ಕೆ ಇದರಿಂದ ಒಳಿತಾಯಿತು. ಹೊರಗಿಟ್ಟ ಬೈಕಿನವನು ಪಕ್ಕದ ರಸ್ತೆಗೆ ಇಳಿದನು.

ಹಿಂಗಣಾದಲ್ಲಿಯೂ ಹಾಗೆಯೇ. ಶಿವಮಡಕಾದ ಬಾಗಿಲಲ್ಲಿ ಟೈರಿನ ಪರೀಕ್ಷೆಗೆ ಕಾರುಗಳು ನಿಲ್ಲುತ್ತವೆ. ಸಂಜೆ ಪಾಳಿ ಬಿಟ್ಟಾಗ ಕೈಗಾರಿಕಾ ವಸಾಹತಿನಿಂದ ಹೊರಡುವ ಬೈಕುಗಳು ಮೆಟ್ರೋ ಕಂಬಗಳ ಕೆಳಗೆ ಲಾರಿಗಳ ನಡುವೆ ಸೇರಿಕೊಳ್ಳುತ್ತವೆ. ಅವುಗಳ ಟೈರನ್ನು ಯಾರೂ ಬಗ್ಗಿ ನೋಡುವುದಿಲ್ಲ.