ಚಕ್ಕೋತದ ಆಸರೆಯಲ್ಲಿ ಚಗಳಿ

ಮಲೆನಾಡಿನ ಕಡೆಯ ವಾಚಕರಿಗೆ ಚಗಳಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಮಾವಿನ ಮರ ಹತ್ತಿ ಕಚ್ಚಿಸಿಕೊಂಡವರು ಆ ಉರಿಯನ್ನೂ, ಚಟ್ನಿ ತಿಂದವರು ಆ ಹುಳಿಯನ್ನೂ ಮರೆತಿರಲಾರರು. ಎಲೆಗೆ ಎಲೆ ಸೇರಿಸಿ, ತನ್ನ ಮರಿಹುಳುಗಳ ರೇಷ್ಮೆಯಿಂದಲೇ ಹೊಲಿದು ಗೂಡು ಕಟ್ಟುವ ಈ ಕೆಂಪಿರುವೆ ನಮಗೆ ಬಾಲ್ಯದಲ್ಲಿ ಶತ್ರುವೇ ಆಗಿತ್ತು. ಹಿತ್ತಲಿನ ಕಿತ್ತಳೆ ಗಿಡದಲ್ಲಿ ಗೂಡು ಕಂಡರೆ ಒಣ ಸೋಗೆಗೆ ಬೆಂಕಿ ಹಚ್ಚಿ ಹಿಡಿಯುವುದು ನಮ್ಮ ಪಾಲಿನ ಕೆಲಸ. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದರೂ ನಾವು ಮಾಡುತ್ತಿದ್ದುದು ಏನೆಂದು ತಿಳಿಯಲಿಲ್ಲ.

ಚೀನೀಯರಿಗೆ ಅದು ತಿಳಿದು ಹದಿನೇಳು ಶತಮಾನಗಳಾದವು. ಕ್ರಿ.ಶ. 304ರಲ್ಲಿ ಜೀ ಹಾನ್ ಬರೆದನೆನ್ನುವ ದಕ್ಷಿಣದ ಸಸ್ಯಗಳ ಗ್ರಂಥದಲ್ಲಿ, ಇಂದಿನ ಉತ್ತರ ವಿಯೆಟ್ನಾಮಿನ ಪ್ರದೇಶದ ಜನ ಈ ಇರುವೆಗಳನ್ನು ಗೂಡುಸಮೇತ ಚಾಪೆಯ ಚೀಲಗಳಲ್ಲಿಟ್ಟು ಸಂತೆಯಲ್ಲಿ ಮಾರುತ್ತಿದ್ದ ಸಂಗತಿಯಿದೆ. ಇವು ಇಲ್ಲದ ಮರದಲ್ಲಿ ಹುಳು ತಿನ್ನದ ಕಿತ್ತಳೆ ಒಂದೂ ಉಳಿಯದೆಂದು ಅವನ ಮಾತಿನ ಸಾರ. ಹನ್ನೆರಡನೆಯ ಶತಮಾನದ ಬರಹವೊಂದರಲ್ಲಿ ಹಿಡಿಯುವ ಉಪಾಯವೂ ಇದೆ: ಹಂದಿಯ ಅಥವಾ ಕುರಿಯ ಮೂತ್ರಕೋಶಕ್ಕೆ ಕೊಬ್ಬು ತುಂಬಿ, ಬಾಯಿ ತೆರೆದು ಗೂಡಿನ ಪಕ್ಕ ಇಡುವುದು. ಮುಂದೆ ಮರದಿಂದ ಮರಕ್ಕೆ ಬಿದಿರಿನ ಸೇತುವೆಗಳೂ ಬಂದವು. ಇರುವೆಗೆ ಸೇತುವೆ ಕಟ್ಟಿದ ಜನ!

ಆದರೆ ಚಳಿಗಾಲದಲ್ಲಿ ಕಿತ್ತಳೆ ಮರದ ಇರುವೆಗಳು ಸಾಯುತ್ತಿದ್ದವು. ಪ್ರತಿ ವಸಂತಕ್ಕೂ ಹಣ ಕೊಟ್ಟು ಹೊಸ ಗೂಡು ತರಬೇಕು. ಇದಕ್ಕೆ ತೋಟಗಾರರು ಕಂಡುಕೊಂಡ ಪರಿಹಾರ ನಮ್ಮ ಮನಸ್ಸಿಗೆ ಬಹಳ ಹಿಡಿಸಿತು. ಕಿತ್ತಳೆಯ ನಡುನಡುವೆ ಚಕ್ಕೋತ ನೆಟ್ಟರು. ಅದರ ಅಗಲವಾದ ಎಲೆಗಳ ದಟ್ಟಣೆಯಲ್ಲಿ ಇರುವೆಗಳು ಚಳಿ ಕಳೆದು, ಬಿಸಿಲು ಬಂದಾಗ ಕಿತ್ತಳೆಗೆ ಮರಳಿದವು. ಒಂದು ಮರ ಇನ್ನೊಂದರ ಕಾವಲುಗಾರರಿಗೆ ಮನೆಯಾಯಿತು.

ಅಮೆರಿಕದ ಕೃಷಿ ಇಲಾಖೆಯ ವಾಲ್ಟರ್ ಸ್ವಿಂಗಲ್ 1915ರಲ್ಲಿ ಚೀನಾಕ್ಕೆ ಹೋದದ್ದು ಬೇರೆ ಕೆಲಸಕ್ಕೆ. ಫ್ಲಾರಿಡಾದ ಕಿತ್ತಳೆ ತೋಟಗಳಿಗೆ ಕಜ್ಜಿರೋಗ ತಗುಲಿ, ಅದನ್ನು ತಡೆಯುವ ತಳಿ ಬೇಕಾಗಿತ್ತು. ಅಲ್ಲಿ ಇರುವೆ ಸಾಕಿ ಮಾರುವ ಹಳ್ಳಿಯ ಸಂಗತಿ ಅವರಿಗೆ ತಿಳಿಯಿತು. ಮುಂದೆ ಕ್ಯಾಂಟನಿನ ಗ್ರಾಫ್, ಹವರ್ಡ್ ಎಂಬಿಬ್ಬರು 1924ರಲ್ಲಿ ಈ ಬಗ್ಗೆ ಲೇಖನ ಪ್ರಕಟಿಸಿದರು. ರೈತ ಹೇಳಿದ್ದು ಅಚ್ಚಿಗೆ ಬಂದಮೇಲೆಯೇ ವಿದ್ಯೆಯಾಗುತ್ತದೆಂಬುದು ಇಲಾಖೆಯಲ್ಲಿ ಗುಮಾಸ್ತರಾದ ನಮಗೆ ಹೊಸದೇನಲ್ಲ.

ಚಗಳಿಯಲ್ಲಿ ದೋಷವೂ ಉಂಟು. ಸಿಹಿದ್ರವದ ಆಸೆಗೆ ಹೇನು, ಶಲ್ಕಕೀಟಗಳನ್ನು ತಾನೇ ಕಾಯುತ್ತದೆ. ದೊಡ್ಡ ಹುಳುಗಳನ್ನು ಓಡಿಸಿ ಸಣ್ಣವನ್ನು ಸಾಕಿದಂತೆ.

ಇಷ್ಟೆಲ್ಲ ಓದಿ, ಗೂಡು ಸುಡಬೇಡವೆಂದು ಊರಿನಲ್ಲಿರುವ ತಮ್ಮನಿಗೆ ಫೋನು ಮಾಡಿದೆವು. ಅವನು ನಕ್ಕ. "ಆಯ್ತಣ್ಣ, ಸುಡೋದಿಲ್ಲ. ಹಣ್ಣು ಕೀಳೋಕೆ ದೆಹಲಿಯಿಂದ ನೀನೇ ಬಾ."