ಹಸನ, ಸಾಫ್, ಸ್ವಚ್ಛ, ಕ್ಲೀನ್

ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡಿ ಈಗ ಯಾರ ಮನಿಗಿ ಹೋದ್ರೂ ‘ಕ್ಲೀನ್ ಮಾಡಾಕತ್ತೀನಿ’ ಅಂತಾರ. ಅಡಗಿಮನಿ ಕ್ಲೀನ್, ಫ್ರಿಜ್ ಕ್ಲೀನ್, ಕೂಸಿನ ಮೂಗೂ ಕ್ಲೀನ್! ಈ ಮಾತು ಬರೋಕಿಂತ ಮೊದಲ ಇದರ ಜಾಗದಾಗ ಬ್ಯಾರೆ ಮೂರು ಮಾತು ಇದ್ವು.

ಹಳೇದು ‘ಹಸನ’. ಜ್ವಾಳ ಹಸನ ಮಾಡು, ಹೊಲ ಹಸನ ಮಾಡು ಅಂತೀವಲ್ಲ, ಅದು ಬರೀ ಹೊಲಸು ತೆಗಿಯೋ ಮಾತಲ್ಲ, ಮುಂದಿನ ಕೆಲಸಕ್ಕ ಚಲೋ ಮಾಡಿ ಇಡೋದು. ಹಳ್ಳು, ಕಡ್ಡಿ ಆರಿಸಿ ಮರದಾಗ ಕೇರಿದ ಮ್ಯಾಲನ ಜ್ವಾಳ ಬೀಸಾಕ ಬರೋದು. ಹೊಲಾನೂ ಹಂಗ, ಹಸನಾದ ಮ್ಯಾಲ ಬಿತ್ತೋದು.

ಆಮ್ಯಾಲ ‘ಸಾಫ್’. 1948ರ ತನಕ ನಾವು ನಿಜಾಮನ ಹೈದರಾಬಾದ್ ಸಂಸ್ಥಾನದಾಗ ಇದ್ದವರು, ಕಚೇರಿ ಕಾಗದ ಎಲ್ಲಾ ಉರ್ದು. ಅರಬ್ಬಿ ಮಾತು, ಪಾರ್ಸಿ, ಉರ್ದು ದಾಟಿ ನಮ್ಮ ಪಡಸಾಲಿಗಿ ಬಂತು. ‘ಇದ್ದದ್ದು ಸಾಫ್ ಹೇಳು’ ಅಂತ ಹಿರೇರು ಇನ್ನೂ ಅಂತಾರ. 1956ಕ್ಕ ಮೈಸೂರು ರಾಜ್ಯಕ್ಕ ಸೇರಿದ್ವಿ. ಸಾಲಿ ಪುಸ್ತಕದಾಗಿನ ಮಾತು ‘ಸ್ವಚ್ಛ’. 2014ರ ಸ್ವಚ್ಛ ಭಾರತ ಬಂದ ಮ್ಯಾಲ ಕಸದ ಗಾಡಿ ಮ್ಯಾಲೂ ಅದನ್ನ ಬರದ್ರು. ಆದ್ರ ಮನಿಯಾಗ ‘ಗಂಗಾಳ ಸ್ವಚ್ಛ ಮಾಡು’ ಅಂದ್ರ ಸೊಸಿ ನಗ್ತಾಳ.

ಇನ್ನ ‘ಕ್ಲೀನ್’. ನಾನು ಸಣ್ಣಾಕಿ ಇದ್ದಾಗ ಇದನ್ನ ಕೇಳಿದ್ದು ಲಾರಿ ಕ್ಲೀನರ್ ಅನ್ನೋದರಾಗ ಅಷ್ಟ. ಇಂಗ್ಲಿಷಿನ್ಯಾಗ ಅದು ತಾನ ಕ್ರಿಯಾಪದ, ನಮ್ಮಲ್ಲಿ ಮಾತ್ರ ‘ಮಾಡು’ ಕೈ ಹಿಡೀಬೇಕು. ಸಾಫ್ ಮಾಡು ಇದ್ದಲ್ಲಿ ಸಾಫ್ ತೆಗದು ಕ್ಲೀನ್ ಇಟ್ಟೀವಿ.

ಇಂಗ್ಲಿಷಿನವರರ ಎಲ್ಲಾದಕ್ಕೂ ಕ್ಲೀನ್ ಅಂತಾರೇನು? ಕಸ ಹೊಡಿಯಾಕ ಸ್ವೀಪ್, ತೊಳಿಯಾಕ ವಾಶ್, ಒರಸಾಕ ವೈಪ್, ತಿಕ್ಕಾಕ ಸ್ಕ್ರಬ್ ಅಂತ ಬ್ಯಾರೆ ಬ್ಯಾರೆ ಇಟ್ಕೊಂಡಾರ. ನಾವು ಒಂದ ತಂದು ನಮ್ಮ ಕಸ ಹೊಡಿಯೋದು, ಸಾರಸೋದು, ಭಾಂಡೆ ತಿಕ್ಕೋದು, ಅರಿವಿ ಒಗಿಯೋದು ಎಲ್ಲಾದರ ಮ್ಯಾಲೂ ಹೊಚ್ಚೀವಿ.

ಇದರಾಗ ನಷ್ಟ ಯಾರಿಗಿ ನೋಡ್ರಿ. ‘ದಿನಾ ಮನಿ ಕ್ಲೀನ್ ಮಾಡಿ ಹೋಗವ್ವ’ ಅಂತ ಕೆಲಸದಾಕಿಗಿ ಹೇಳಿದ್ರ ನಾಕು ಕೆಲಸ ಒಂದ ಮಾತಿನ್ಯಾಗ ಮುಚ್ಚಿ ಹೋಗ್ತಾವ, ಪಗಾರಾನೂ ಒಂದರದ್ದ. ಕಸ, ಭಾಂಡೆ, ಅರಿವಿ ಅಂತ ಬಿಡಿಸಿ ಹೇಳಿದ್ರ ಆಕಿ ಒಂದೊಂದಕ್ಕ ಇಷ್ಟಿಷ್ಟು ಅಂತ ಕೇಳ್ತಾಳ, ಕೇಳೋದು ಖರೇನೂ ಐತಿ. ನಮ್ಮ ಮನಿ ಗಂಡಸರು ‘ಕ್ಲೀನ್ ಮಾಡೋದು ಎಷ್ಟೊತ್ತಿನ ಕೆಲಸ’ ಅಂದಾಗ ನಾವೂ ಹಿಂಗ ಬಿಡಿಸಿ ಹೇಳೋದು ಚಲೋ.

ಜ್ವಾಳಕ್ಕ ಮಾತ್ರ ಇನ್ನೂ ಕ್ಲೀನ್ ಹತ್ತಿಲ್ಲ. ಕಾಲುವಿ ನೀರು ಬಂದು ಸಿಂಧನೂರು ಕಡಿ ಭತ್ತ ಹೆಚ್ಚಾತು, ಅಕ್ಕಿ ಮಿಲ್ಲಿನಾಗ ಹಸನಾಗಿ ಬರ್ತೈತಿ. ರೊಟ್ಟಿ ಜ್ವಾಳ ತಂದಾಗ ಮಾತ್ರ ಮರ ಹೊರಗ ಬರ್ತೈತಿ, ‘ಹಸನ ಮಾಡೋಣ ಬರ್ರೆ’ ಅಂತ ಬಾಜೂ ಮನಿಯವರನ್ನ ಕರೀತೀವಿ.